ಕಾಣದ ಸೌಟು

ಕನ್ನಡದಲ್ಲಿ ‘ಉಕ್ಕು’ ಎಂಬ ಮಾತು ಎರಡು ಕಡೆ ದುಡಿಯುತ್ತದೆ. ಒಂದು ಹಾಲಿನ ಪಾತ್ರೆಯಲ್ಲಿ, ಇನ್ನೊಂದು ಕಮ್ಮಾರನ ಕುಲುಮೆಯಲ್ಲಿ. ಮೊದಲನೆಯದು ಕ್ರಿಯಾಪದ. ಒಲೆಯ ಮುಂದೆ ನಿಂತವರು ಒಂದು ಗಳಿಗೆ ಕಿಟಕಿಯ ಕಡೆ ತಿರುಗಿದರೆ ಸಾಕು, ಕ್ರಿಯೆ ಮುಗಿದುಹೋಗಿರುತ್ತದೆ. ಎರಡನೆಯದು ನಾಮಪದ. ಸೇತುವೆಯಾಗಿ, ರೈಲುಕಂಬಿಯಾಗಿ, ಹೊಲಿಗೆಯ ಸೂಜಿಯಾಗಿ ಅದು ನಮ್ಮ ಸುತ್ತ ಅಲ್ಲಾಡದೆ ಇರುತ್ತದೆ. ಎರಡಕ್ಕೂ ಬೇರು ಒಂದೇ ಹೌದೋ ಅಲ್ಲವೋ ಪಂಡಿತರು ತೀರ್ಮಾನಿಸಲಿ. ದಕ್ಷಿಣದ ಮೂಸೆಗಳಲ್ಲಿ ಹುಟ್ಟಿ ಡಮಾಸ್ಕಸಿನ ಕತ್ತಿಗಳಿಗೆ ಹೆಸರು ತಂದ ಲೋಹವನ್ನು ಇಂಗ್ಲಿಷರು ‘ವೂಟ್ಸ್’ ಎಂದು ಕರೆದರು; ಆ ಹೆಸರಿಗೆ ಮೂಲ ನಮ್ಮ ಉಕ್ಕೇ ಎಂಬುದು ಬಲ್ಲವರಲ್ಲಿ ಅನೇಕರ ಮತ. ಅಷ್ಟು ಹೆಮ್ಮೆ ನಮಗಿರಲಿ.

ನನ್ನನ್ನು ಕಾಡುವುದು ಬೇರೊಂದು ವಿಷಯ. ಈ ನಾಮಪದ ಗಟ್ಟಿಯಾಗಿ ನಿಲ್ಲಬೇಕಾದರೆ ಮೊದಲು ಅದು ಕ್ರಿಯಾಪದವಾಗಿ ಹರಿದಿರಲೇಬೇಕು. ಕರಗಿ, ನೀರಾಗಿ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಬಿದ್ದು, ಅಚ್ಚಿನಲ್ಲಿ ತಣಿದು, ಆಮೇಲೆ ತಾನೆ ಅದು ಕಂಬಿಯಾಗುವುದು? ಹರಿಯುವ ಹೊತ್ತಿನಲ್ಲಿ ಅದನ್ನು ಅಂಕೆಯಲ್ಲಿಡುವವರು ಯಾರು? ಹಾಲಿಗಾದರೆ ಸೌಟು ಇದೆ. ೧೫೦೦ ಡಿಗ್ರಿಗೂ ಮೀರಿ ಕಾದ ಉಕ್ಕಿಗೆ ಯಾವ ಸೌಟು ಹಾಕುವುದು? ಹಾಕಿದ ಸೌಟೇ ಪಾಯಸವಾಗಿಬಿಟ್ಟರೆ ಗತಿಯೇನು?

ಎರಕದ ಕೆಲಸ ನಮಗೆ ತೀರ ಅಪರಿಚಿತವೆಂದು ತಿಳಿಯಬೇಡಿ. ಹಳೆಯ ಮೈಸೂರು ಸೀಮೆಯಲ್ಲಿ ಸಂಕ್ರಾಂತಿ ಹತ್ತಿರ ಬಂದಿತೆಂದರೆ ಅಡಿಗೆಮನೆಯೆಲ್ಲ ಎರಕದ ಮನೆ. ಅಟ್ಟದಿಂದ ಮರದ ಅಚ್ಚುಗಳು ಇಳಿಯುತ್ತಿದ್ದುವು: ಆನೆ, ಗಿಣಿ, ಬೃಂದಾವನ, ಮಂಟಪ. ಅವನ್ನು ನೀರಿನಲ್ಲಿ ನೆನೆಹಾಕಿ, ಹೋಳುಗಳನ್ನು ಜೋಡಿಸಿ, ದಾರ ಬಿಗಿದು ಸಾಲಾಗಿ ನಿಲ್ಲಿಸುವುದು ಮಕ್ಕಳ ಕೆಲಸ. ಅಮ್ಮ ಸಕ್ಕರೆ ಪಾಕಕ್ಕೆ ಚೂರು ಹಾಲು ಬಿಡುತ್ತಿದ್ದಳು. ಸಕ್ಕರೆಯ ಕೊಳೆಯೆಲ್ಲ ನೊರೆಯೊಂದಿಗೆ ಮೇಲೆ ತೇಲಿ ಬರುತ್ತಿತ್ತು. ಅದನ್ನು ತೆಗೆದು, ಬಿಳಿಯ ಬಟ್ಟೆಯಲ್ಲಿ ಶೋಧಿಸಿ, ಸ್ವಲ್ಪ ಸ್ವಲ್ಪವಾಗಿ ಬಾಣಲೆಗೆ ಹಾಕಿಕೊಂಡು ಕೈಯಾಡಿಸಲು ಕುಳಿತರೆ ಅವಳನ್ನು ಯಾರೂ ಮಾತನಾಡಿಸಬಾರದು. ಕನ್ನಡಿಯಂತಿದ್ದ ಪಾಕ ನೋಡುನೋಡುತ್ತ ಮಂಕಾಗಿ, ಬೆಳ್ಳಗೆ ತಿರುಗುವ ಗಳಿಗೆಯೊಂದಿದೆ. ಅದಕ್ಕೆ ಮೊದಲು ಹೊಯ್ದರೆ ಅಚ್ಚು ಬಿಡುವುದಿಲ್ಲ. ಅದು ಮೀರಿದರೆ ಬಾಣಲೆಯೇ ಅಚ್ಚಾಗುತ್ತದೆ.

ಕೈಯಾಡಿಸುವುದರ ಗುಟ್ಟು ಇಷ್ಟೆ. ಇದೇ ಪಾಕವನ್ನು ದಾರ ಇಳಿಬಿಟ್ಟು ಹಲವು ದಿನ ಅಲುಗಿಸದೆ ಇಟ್ಟರೆ ಕಲ್ಲುಸಕ್ಕರೆಯಾಗುತ್ತದೆ, ದೊಡ್ಡ ದೊಡ್ಡ ಹರಳು. ಬಿಡದೆ ಕೈಯಾಡಿಸಿದರೆ ಸಾವಿರಾರು ಸಣ್ಣ ಹರಳುಗಳು ಒಟ್ಟಿಗೆ ಹುಟ್ಟುತ್ತವೆ. ಯಾವುದಕ್ಕೂ ಮಿಕ್ಕವನ್ನು ನೂಕಿ ಬೆಳೆಯುವ ಅವಕಾಶವಿರುವುದಿಲ್ಲ. ಆನೆಯ ಸೊಂಡಿಲು ನಯವಾಗಿ, ಒಂದೇ ಹದವಾಗಿ ಮೂಡುತ್ತದೆ. ಲೋಹವೂ ತಣಿಯುವಾಗ ಹರಳುಗಟ್ಟುವ ವಸ್ತುವೇ. ಸಕ್ಕರೆಯ ನ್ಯಾಯವೇ ಉಕ್ಕಿಗೂ ಸಲ್ಲುತ್ತದೆ.

ಲೋಹದ ಎರಕವನ್ನು ನಾನು ಹತ್ತಿರದಿಂದ ತಿಳಿದುಕೊಂಡದ್ದು ನಮ್ಮ ಓಣಿಯ ಮೇಸ್ತ್ರಿಗಳಿಂದ. ಹಲಸೂರಿನಲ್ಲಿ, ಸೋಮೇಶ್ವರನ ಗುಡಿಯ ಗಂಟೆ ಕೇಳಿಸುವಷ್ಟು ದೂರದಲ್ಲಿ ಅವರ ಮನೆ. ಹಳೆ ಮದರಾಸು ರಸ್ತೆಯ ಕಡೆಯ ಒಂದು ಸಣ್ಣ ಎರಕದ ಮನೆಯಲ್ಲಿ ಅವರು ಮೂವತ್ತು ವರ್ಷ ದುಡಿದವರು. ಮೋರಿಯ ಮುಚ್ಚಳ, ರಾಟೆ, ತೂಕದ ಕಲ್ಲು, ಹೀಗೆ ಊರಿಗೆ ಬೇಕಾದ, ಆದರೆ ಊರು ತಿರುಗಿ ನೋಡದ ಸಾಮಾನುಗಳನ್ನು ಅವರ ಕೈ ಎರೆಯುತ್ತಿತ್ತು. ಅವರ ಎಡಗಾಲಿನ ಮೇಲೆ ಪಾದದಿಂದ ಮೀನಖಂಡದವರೆಗೆ ಸುಟ್ಟ ಕಲೆ. ಚರ್ಮ ಒಣಗಿದ ಕೆರೆಯ ಮಣ್ಣಿನಂತೆ ಸುಕ್ಕುಗಟ್ಟಿತ್ತು. ಸಂಜೆ ಜಗಲಿಯ ಮೇಲೆ ಆ ಕಾಲನ್ನು ನೀಡಿ ಕುಳಿತರೆ ಮಕ್ಕಳಾದ ನಾವು ಅದನ್ನೇ ನೋಡುತ್ತಿದ್ದೆವು.

ನಡೆದದ್ದನ್ನು ಅವರು ಎರಡೇ ಮಾತಿನಲ್ಲಿ ಹೇಳುತ್ತಿದ್ದರು. ಮಳೆಗಾಲ, ಸರಕು ಆ ಹೊತ್ತೇ ಬೇಕೆಂಬ ಅವಸರ, ಅಚ್ಚಿನ ಮರಳಿನಲ್ಲಿ ಪಸೆ ಉಳಿದಿತ್ತು. ಕಾದ ಲೋಹ ಪಸೆಯನ್ನು ಮುಟ್ಟಿದರೆ ನೀರು ಒಮ್ಮೆಗೇ ಆವಿಯಾಗಿ ಹಿಗ್ಗುತ್ತದೆ. ಹೋಗಲು ದಾರಿಯಿಲ್ಲದೆ ಲೋಹವನ್ನೇ ಮೇಲಕ್ಕೆ ಚಿಮ್ಮಿಸುತ್ತದೆ. ಅವರ ಕಾಲಿನಲ್ಲಿದ್ದುದು ಟೈರಿನ ಚಪ್ಪಲಿ. ಆರು ತಿಂಗಳು ಕೆಲಸವಿಲ್ಲ, ಸಂಬಳವೂ ಇಲ್ಲ. ಈ ಭಾಗಕ್ಕೆ ಬಂದಾಗ ಅವರ ಹೆಂಡತಿ ಒಳಗಿನಿಂದ, “ಆ ಕತೆ ಸಾಕು, ಮಕ್ಕಳು ಹೆದರ್ತಾವೆ” ಎನ್ನುತ್ತಿದ್ದರು. ಹೆದರುತ್ತಿದ್ದವರು ಮಕ್ಕಳಲ್ಲವೆಂದು ನನಗೆ ಎಷ್ಟೋ ವರ್ಷಗಳ ಮೇಲೆ ಹೊಳೆಯಿತು.

ಆದರೆ ಎರಕದ ವಿಷಯ ತೆಗೆದರೆ ಮಾತ್ರ ಮೇಸ್ತ್ರಿಗಳ ಮುಖ ಬೇರೆಯಾಗುತ್ತಿತ್ತು. ಬಲಗೈಯ ಮಣಿಕಟ್ಟನ್ನು ಗಾಳಿಯಲ್ಲಿ ಮೆಲ್ಲಗೆ ಬಾಗಿಸಿ ತೋರಿಸುವರು. “ನೋಡು ಮರಿ, ಹೊಯ್ಯೋವಾಗ ನಿಲ್ಲಿಸಬಾರದು, ಓಡಿಸಬಾರದು. ನಿಂತರೆ ಗಂಟು, ಓಡಿದರೆ ಗುಳ್ಳೆ.” ಧಾರೆ ನಡುವೆ ಕಡಿದರೆ ಮೊದಲು ಬಿದ್ದುದು ತಣಿದು, ಆಮೇಲೆ ಬಿದ್ದುದು ಅದರೊಂದಿಗೆ ಕೂಡಿಕೊಳ್ಳುವುದಿಲ್ಲ. ರಭಸವಾಗಿ ಬಿದ್ದರೆ ಗಾಳಿಯನ್ನೂ ಕಿಟ್ಟವನ್ನೂ ಮರಳನ್ನೂ ಒಳಕ್ಕೆ ಎಳೆದುಕೊಂಡು ಹೋಗುತ್ತದೆ. ಈ ಎರಡರ ನಡುವೆ ಇರುವ ಹದವನ್ನು ಅವರು ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ. ಅದು ಅವರ ಮಣಿಕಟ್ಟಿನಲ್ಲಿತ್ತು.

ಈ ನಾಲ್ಕು ಮಾತು ದೊಡ್ಡ ಉಕ್ಕಿನ ಕಾರ್ಖಾನೆಗಳಿಗೂ ವೇದವಾಕ್ಯವೆಂದು ನನಗೆ ತಿಳಿಸಿದವನು ನನ್ನ ಅಕ್ಕನ ಮಗ. ಅವನು ಉತ್ತರದ ಕಡೆ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರು. ರಜಕ್ಕೆ ಬಂದರೆ ಇಂದಿರಾನಗರದ ಅಕ್ಕನ ಮನೆಯಲ್ಲಿ ಎರಡು ದಿನ ಮಲಗಿ ಕಳೆಯುತ್ತಾನೆ. ಮೂರನೆಯ ದಿನ ನಮ್ಮ ಮನೆಗೆ ಬಂದು ಮಾತು ಶುರುಮಾಡುತ್ತಾನೆ. ಅವನ ಬಾಯಿಂದ ಕೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ನಮ್ಮ ಭದ್ರಾವತಿಯಲ್ಲಿ ೧೯೨೩ರಲ್ಲಿ ಕಾಡಿನ ಇದ್ದಿಲಿನಿಂದ ಕಬ್ಬಿಣ ತೆಗೆಯಲು ತೊಡಗಿದ ಕಾಲಕ್ಕೆ, ಪ್ರಪಂಚದಲ್ಲೆಲ್ಲ ಉಕ್ಕನ್ನು ದೊಡ್ಡ ದೊಡ್ಡ ಅಚ್ಚುಗಳಿಗೆ ಸುರಿದು, ತಣಿಸಿ, ಹೊರತೆಗೆದು, ಮತ್ತೆ ಕಾಯಿಸಿ ಲಟ್ಟಿಸುತ್ತಿದ್ದರು. ಈಗ ಹಾಗಲ್ಲ. ಲೋಕದ ಉಕ್ಕಿನಲ್ಲಿ ನೂರಕ್ಕೆ ತೊಂಬತ್ತೈದು ಪಾಲಿಗೂ ಹೆಚ್ಚು ನಿರಂತರ ಎರಕದಿಂದ ಬರುತ್ತದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಂಥ ಕಡೆ ನಡೆಯುವುದೂ ಇದೇ ಕ್ರಮ. ತಳವಿಲ್ಲದ ಒಂದು ತಾಮ್ರದ ಅಚ್ಚು. ಅದರ ಗೋಡೆಗಳ ಹಿಂದೆ ಸದಾ ತಣ್ಣೀರು ಹರಿಯುತ್ತಿರುತ್ತದೆ. ಮೇಲಿನಿಂದ ಕರಗಿದ ಉಕ್ಕು ಇಳಿಯುತ್ತದೆ. ತಾಮ್ರಕ್ಕೆ ತಾಕಿದ ಕಡೆ ತೆಳುವಾದ ತೊಗಟೆ ಕಟ್ಟುತ್ತದೆ. ತೊಗಟೆ ಕಟ್ಟಿದ್ದನ್ನು ಕೆಳಗಿನಿಂದ ಉರುಳೆಗಳು ಮೆಲ್ಲಗೆ ಎಳೆದುಕೊಳ್ಳುತ್ತವೆ. ಮೇಲೆ ಹೊಯ್ಯುತ್ತಿರುವುದು, ಕೆಳಗೆ ಎಳೆಯುತ್ತಿರುವುದು; ನಡುವೆ ನಿಲ್ಲುವ ಮಾತಿಲ್ಲ. ತೊಗಟೆ ತಾಮ್ರಕ್ಕೆ ಅಂಟದಂತೆ ಅಚ್ಚು ಸದಾ ಮೇಲೆ ಕೆಳಗೆ ಅಲುಗುತ್ತಿರುತ್ತದೆ. ೧೯೩೦ರ ದಶಕದಲ್ಲಿ ಜರ್ಮನಿಯ ಯುಂಗ್‌ಹಾನ್ಸ್ ಎಂಬಾತ ಕಂಡುಹಿಡಿದ ಉಪಾಯ ಇದು.

“ಮಾವ, ಅಚ್ಚಿನಿಂದ ಹೊರಗೆ ಬರುವಾಗ ಆ ತೊಗಟೆ ಎಷ್ಟು ದಪ್ಪ ಇರತ್ತೆ ಗೊತ್ತೆ? ಒಂದೆರಡು ಬೆರಳು, ಅಷ್ಟೆ. ಒಳಗೆಲ್ಲ ಇನ್ನೂ ನೀರು.” ಆ ನೀರು ಪೂರ್ತಿ ಗಟ್ಟಿಯಾಗುವ ಹೊತ್ತಿಗೆ ಉಕ್ಕಿನ ಪಟ್ಟಿ ಹತ್ತಾರು ಅಡಿ ಕೆಳಗೆ ಇಳಿದಿರುತ್ತದೆ. ನಡುವೆ ಎಲ್ಲಾದರೂ ತೊಗಟೆ ಹರಿಯಿತೋ, ಒಳಗಿನ ಬೆಂಕಿ ಹೊರಗೆ! ಕಾರ್ಖಾನೆಯವರು ನಿದ್ದೆಯಲ್ಲೂ ಬೆಚ್ಚುವ ಮಾತು ಇದು.

ಇನ್ನೊಂದು ಭಯವುಂಟು, ಕಣ್ಣಿಗೆ ಕಾಣದ್ದು. ಅಗಲವಾದ ಪಟ್ಟಿಯನ್ನು ಎರೆಯುವಾಗ ಉಕ್ಕು ಅಚ್ಚಿನೊಳಗೆ ಮುಳುಗಿದ ಒಂದು ಕೊಳವೆಯಿಂದ ಎರಡು ಧಾರೆಯಾಗಿ ಎರಡು ಪಕ್ಕಕ್ಕೂ ಚಿಮ್ಮುತ್ತದೆ. ಮೇಲ್ಮೈಯ ಮೇಲೆ ಶಾಖ ಕಾಯಲು, ಕೊಳೆ ಹೀರಲು, ಒಂದು ಪುಡಿಯ ಹೊದಿಕೆ. ಧಾರೆ ರಭಸವಾದರೆ ಆ ಪುಡಿ ಒಳಕ್ಕೆ ಎಳೆಯಲ್ಪಡುತ್ತದೆ; ಮೇಲೆ ತೇಲಿ ಬರಬೇಕಾದ ಗುಳ್ಳೆ, ಕಲ್ಮಷ ಆಳಕ್ಕೆ ಇಳಿದು ಅಲ್ಲೇ ಹೂತುಹೋಗುತ್ತವೆ. ತಿಂಗಳುಗಳ ಮೇಲೆ ಆ ಉಕ್ಕು ತೆಳುವಾದ ತಗಡಾಗಿ ಕಾರಿನ ಬಾಗಿಲಿಗೋ ಡಬ್ಬಕ್ಕೋ ಬಂದಾಗ ಒಂದು ಗೀರು, ಒಂದು ಸೀಳು ಕಾಣಿಸಿಕೊಳ್ಳುತ್ತದೆ. ಓಡಿದರೆ ಗುಳ್ಳೆ! ಹಾಗೆಂದು ನಿಧಾನವಾಗಿ ಹೊಯ್ಯೋಣವೆಂದರೆ ಕೆಳಗೆ ಉರುಳೆಗಳು ಕಾಯುವುದಿಲ್ಲ. ನಿಮಿಷಕ್ಕೆ ಒಂದೆರಡು ಮೀಟರು ಉಕ್ಕು ಇಳಿಯಬೇಕು. ಮೇಸ್ತ್ರಿಗಳ ಮಣಿಕಟ್ಟಿನ ಕೆಲಸವನ್ನು ಇಲ್ಲಿ ಮಾಡುವವರು ಯಾರು?

“ಅಯಸ್ಕಾಂತ” ಎಂದ ಹುಡುಗ.

ನನಗೆ ನಂಬಿಕೆ ಬರಲಿಲ್ಲ. ಕೆಂಪಗೆ ಕಾದ ಕಬ್ಬಿಣವನ್ನು ಸೂಜಿಗಲ್ಲು ಎಳೆಯುವುದಿಲ್ಲವೆಂದು ಶಾಲೆಯಲ್ಲಿ ಓದಿದ್ದೆ. ಅದು ನಿಜ ಕೂಡ. ಕಬ್ಬಿಣ ಸುಮಾರು ೭೭೦ ಡಿಗ್ರಿ ದಾಟಿತೆಂದರೆ ಕಾಂತದ ನಂಟನ್ನು ಕಡಿದುಕೊಳ್ಳುತ್ತದೆ. ಕರಗಿದ ಉಕ್ಕು ಅದರ ಎರಡರಷ್ಟು ಬಿಸಿ. ಕಾಂತದ ಪಾಲಿಗೆ ಅದಕ್ಕೂ ತಾಮ್ರಕ್ಕೂ ಭೇದವಿಲ್ಲ. ನಂಟಿಲ್ಲದವನನ್ನು ಹಿಡಿದು ನಿಲ್ಲಿಸುವುದು ಹೇಗೆ?

ಉತ್ತರ ಹೇಳುವ ಬದಲು ಅವನು ನನ್ನನ್ನು ಶಿವಾಜಿನಗರಕ್ಕೆ ಕರೆದುಕೊಂಡು ಹೋದ. ರಸೆಲ್ ಮಾರುಕಟ್ಟೆಯ ಆಚೆ ಗುಜರಿ ಅಂಗಡಿಗಳ ಬೀದಿಗಳಲ್ಲಿ ಹುಡುಕಿದರೆ ಸಿಗದ ಸಾಮಾನಿಲ್ಲ. ಹುಡುಕುವುದಕ್ಕೆ ಆಯುಸ್ಸು ಬೇಕು, ಅಷ್ಟೆ. ಫ್ರಿಜ್ ರಿಪೇರಿ ಸಾಮಾನಿನ ಅಂಗಡಿಯೊಂದರಲ್ಲಿ ಗಜದುದ್ದದ ತಾಮ್ರದ ಕೊಳವೆಯನ್ನು ಕೇಳಿ ತೆಗೆಸಿದ. ಅದನ್ನು ನೆಟ್ಟಗೆ ಹಿಡಿದು ಮೇಲಿನಿಂದ ಒಂದು ಸ್ಕ್ರೂ ಹಾಕಿದ. ಟಣ್ಣೆಂದು ಕೆಳಗೆ ಬಿತ್ತು. ಆಮೇಲೆ ಜೇಬಿನಿಂದ ಈಗಿನ ಕಾಲದ ಬಲವಾದ ಕಾಂತದ ತುಣುಕೊಂದನ್ನು ತೆಗೆದ. ಅದು ತಾಮ್ರಕ್ಕೆ ಅಂಟುವುದಿಲ್ಲವೆಂದು ಮೊದಲು ತೋರಿಸಿ, ಅದನ್ನೂ ಕೊಳವೆಯೊಳಗೆ ಬಿಟ್ಟ. ಒಂದು, ಎರಡು, ಮೂರು ಎಣಿಸಿದೆ, ಇನ್ನೂ ಬರಲಿಲ್ಲ. ಒಳಗೆ ಬಗ್ಗಿ ನೋಡಿದರೆ ಮೆಟ್ಟಿಲಿಳಿಯುವ ಮುದುಕರಂತೆ ತಡೆದು ತಡೆದು ಇಳಿಯುತ್ತಿದೆ! ಅಂಗಡಿಯ ಹಿರಿಯರು ಕನ್ನಡಕ ಏರಿಸಿ, “ಇದೇನು ಸ್ವಾಮಿ, ಒಳಗೆ ಜಿನ್ ಕೂತಿದೆಯಾ?” ಎಂದರು. ಆಮೇಲೆ ಅವರೇ ಐದಾರು ಸಲ ಬಿಟ್ಟು ನೋಡಿದರು. ಗಿರಾಕಿಗಳು ಕಾಯುತ್ತ ನಿಂತರು.

ಜಿನ್ನಿನ ಹೆಸರು ವಿದ್ಯುತ್ತು. ಲೋಹ ಮತ್ತು ಕಾಂತ ಒಂದರ ಎದುರು ಒಂದು ಚಲಿಸಿದರೆ ಲೋಹದೊಳಗೆ ವಿದ್ಯುತ್ ಸುಳಿಗಳು ಹುಟ್ಟುತ್ತವೆ. ೧೮೩೧ರಲ್ಲಿ ಫ್ಯಾರಡೆ ಇದರ ಮೂಲವನ್ನು ತೋರಿಸಿದ. ಆ ಸುಳಿಗಳು ತಾವೂ ಕಾಂತದಂತೆ ವರ್ತಿಸಿ, ತಮ್ಮನ್ನು ಹುಟ್ಟಿಸಿದ ಚಲನೆಯನ್ನೇ ಎದುರಿಸುತ್ತವೆ. ೧೮೩೪ರಲ್ಲಿ ಲೆಂಟ್ಸ್ ಎಂಬಾತ ಇದನ್ನು ನಿಯಮವಾಗಿ ಹೇಳಿದ. ಎಳೆತವಿಲ್ಲ, ಅಂಟಿಲ್ಲ, ಚಲಿಸಿದರೆ ಮಾತ್ರ ತಡೆ.

ಹರಿಯುವ ದ್ರವದಲ್ಲೂ ಹೀಗೆ ಆಗಬೇಕಲ್ಲವೆ? ಫ್ಯಾರಡೆಗೂ ಈ ಯೋಚನೆ ಬಂತು. ೧೮೩೨ರ ಜನವರಿಯಲ್ಲಿ ಅವನು ಲಂಡನ್ನಿನ ವಾಟರ್‌ಲೂ ಸೇತುವೆಯ ಮೇಲೆ ಉದ್ದಕ್ಕೂ ತಾಮ್ರದ ತಂತಿ ಎಳೆದು, ಅದರ ಎರಡು ಕೊನೆಗಳನ್ನು ಲೋಹದ ಫಲಕಗಳೊಡನೆ ಥೇಮ್ಸ್ ನದಿಯಲ್ಲಿ ಮುಳುಗಿಸಿದ. ಭೂಮಿಯೇ ಕಾಂತ, ಹೊಳೆಯೇ ಚಲಿಸುವ ವಾಹಕ, ವಿದ್ಯುತ್ತು ಸಿಕ್ಕಲೇಬೇಕು. ನಂಬತಕ್ಕ ಫಲ ಸಿಕ್ಕಲಿಲ್ಲ. ಯೋಚನೆ ಸರಿಯಾಗಿತ್ತು, ಹೊಳೆ ಸರಿಯಾಗಿರಲಿಲ್ಲ. ನೀರು ವಿದ್ಯುತ್ತನ್ನು ಸಾಗಿಸುವುದರಲ್ಲಿ ಬಹಳ ಸೋಮಾರಿ. ಭೂಮಿಯ ಕಾಂತವೂ ತೀರ ಮೆದು. ಕರಗಿದ ಉಕ್ಕಾದರೋ ಸಮುದ್ರದ ನೀರಿಗಿಂತಲೂ ಲಕ್ಷ ಪಟ್ಟು ಮೀರಿದ ವಾಹಕ. ಫ್ಯಾರಡೆಗೆ ಬೇಕಾಗಿದ್ದುದು ಬೆಂಕಿಯ ಹೊಳೆ.

ಅಷ್ಟು ದೂರ ಏಕೆ? ಹಳೆಯ ಮನೆಗಳ ಜಗಲಿಯಲ್ಲಿ ಗಾಜಿನ ಹಿಂದೆ ತಿರುಗುತ್ತಿದ್ದ ಕರೆಂಟು ಮೀಟರಿನ ಬಿಲ್ಲೆಯನ್ನು ನೆನೆದುಕೊಳ್ಳಿ. ಶಿವನಸಮುದ್ರದ ವಿದ್ಯುತ್ತು ೧೯೦೫ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಆಮೇಲೆ ಮನೆ ಹೊಕ್ಕಿತು. ಅದರ ಹಿಂದೆಯೇ ಈ ಮೀಟರು ಬಂದಿತು. ಈಗ ಅಂಕಿ ಮಿನುಗುವ ಡಬ್ಬಗಳು ಬಂದಿವೆ. ಆದರೆ ಇಸ್ತ್ರಿ ಹಾಕಿದಾಗ ಆ ಬಿಲ್ಲೆ ಓಡುವುದನ್ನು ಕಂಡು ಯಜಮಾನರು ಕೂಗಾಡುತ್ತಿದ್ದುದು ನಮ್ಮ ವಯಸ್ಸಿನವರಿಗೆಲ್ಲ ಜ್ಞಾಪಕವಿರಬೇಕು. ಆ ಬಿಲ್ಲೆ ಅಲ್ಯೂಮಿನಿಯಮಿನದು. ಅದನ್ನೂ ಕಾಂತ ಎಳೆಯುವುದಿಲ್ಲ. ಆದರೂ ಎರಡು ತಂತಿಸುರುಳಿಗಳ ಬದಲಾಗುವ ಕಾಂತಬಲ ಅದನ್ನು ಮುಟ್ಟದೆ ತಿರುಗಿಸುತ್ತದೆ. ಇನ್ನೊಂದು ಕಡೆ ಸುಮ್ಮನೆ ಕುಳಿತ ಕಾಂತವೊಂದು ಅದನ್ನು ಮುಟ್ಟದೆ ತಡೆಯುತ್ತದೆ. ಈ ತಡೆ ಇಲ್ಲದಿದ್ದರೆ ಬಿಲ್ಲೆ ಹುಚ್ಚು ಹಿಡಿದಂತೆ ಓಡಿ ಯಜಮಾನರ ರಕ್ತದೊತ್ತಡವನ್ನು ಇನ್ನೂ ಏರಿಸುತ್ತಿತ್ತು. ಉಕ್ಕಿನ ಕಾರ್ಖಾನೆಯಲ್ಲಿ ನಡೆಯುವ ಎರಡು ಕೆಲಸಗಳೂ ಈ ಡಬ್ಬದಲ್ಲಿವೆ: ಸುಮ್ಮನಿರುವ ಕಾಂತದಿಂದ ತಡೆ, ಬದಲಾಗುವ ಕಾಂತದಿಂದ ತಿರುವು.

ಮೊದಲು ತಡೆಯ ಸಂಗತಿ. ಸ್ವೀಡನ್ನಿನ ಆಸಿಯಾ ಕಂಪನಿಯೂ ಜಪಾನಿನ ಕವಾಸಾಕಿ ಉಕ್ಕಿನ ಕಂಪನಿಯೂ ಸೇರಿ ೧೯೮೨ರಲ್ಲಿ ಮಿಜುಶಿಮಾದ ಕಾರ್ಖಾನೆಯಲ್ಲಿ ಇಂಥ ಕಾಂತದ ಬ್ರೇಕನ್ನು ಎರಕದ ಅಚ್ಚಿಗೆ ಜೋಡಿಸಿದುವು. ಆಸಿಯಾ ೧೯೮೮ರಲ್ಲಿ ಸ್ವಿಸ್ ಸಂಸ್ಥೆಯೊಂದರೊಡನೆ ಕೂಡಿ ಎ.ಬಿ.ಬಿ. ಆಯಿತು; ಅದರ ಭಾರತದ ಮುಖ್ಯ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ಅಚ್ಚಿನ ಎದುರುಬದುರು ಗೋಡೆಗಳ ಹಿಂದೆ ದೊಡ್ಡ ವಿದ್ಯುತ್ಕಾಂತಗಳು; ಅವುಗಳ ಬಲ ಭೂಮಿಯ ಕಾಂತಬಲದ ಕೆಲವು ಸಾವಿರ ಪಟ್ಟು. ಕೊಳವೆಯಿಂದ ಚಿಮ್ಮಿದ ಧಾರೆ ಆ ಬಲವನ್ನು ಹಾಯುವಾಗ ಅದರೊಳಗೆ ವಿದ್ಯುತ್ತು ಸುಳಿಯುತ್ತದೆ, ಧಾರೆ ಮೆತ್ತಗಾಗುತ್ತದೆ. ಅತಿ ವೇಗವಾಗಿ ಬಂದ ಭಾಗಕ್ಕೆ ಅತಿ ಹೆಚ್ಚು ತಡೆ. ಮೆಲ್ಲಗೆ ಬಂದುದಕ್ಕೆ ಮೆಲ್ಲಗೆ ತಡೆ. ಗುಳ್ಳೆಗೂ ಕಲ್ಮಷಕ್ಕೂ ಮೇಲೇರಲು ವ್ಯವಧಾನ ಸಿಗುತ್ತದೆ.

ತಡೆ ಒಳ್ಳೆಯದೆಂದು ಅದನ್ನು ಏರಿಸುತ್ತಲೇ ಹೋಗಬಹುದೆ? ಅದೂ ಸಲ್ಲದು. ಮೇಲ್ಮೈಗೆ ಬಿಸಿ ಉಕ್ಕು ಬಂದು ತಾಕುತ್ತಲೇ ಇರಬೇಕು. ಬಾರದಿದ್ದರೆ ಅಲ್ಲಿ ತಣಿದು ಹೆಪ್ಪುಗಟ್ಟುತ್ತದೆ. ಹೊದಿಕೆಯ ಪುಡಿ ಸರಿಯಾಗಿ ಕರಗುವುದಿಲ್ಲ. ನಿಂತರೆ ಗಂಟು! ಕೋಟಿಗಟ್ಟಲೆ ಬೆಲೆಯ ಯಂತ್ರ, ಅದರ ಹಿಂದೆ ಗಣಕ, ಅದರ ಹಿಂದೆ ಎಂಟು ಗಂಟೆಯ ಪಾಳಿಯಲ್ಲಿ ಕಣ್ಣು ಕೀಲಿಸಿ ಕುಳಿತ ಹುಡುಗರು. ಇಷ್ಟೆಲ್ಲ ಸೇರಿ ಹುಡುಕುವುದು ಹಲಸೂರಿನ ಜಗಲಿಯ ಮೇಲೆ ಕೇಳಿದ್ದ ಅದೇ ಹದವನ್ನು.

ಇನ್ನು ತಿರುವು. ಇದಕ್ಕೆ ನಮ್ಮ ಪೂರ್ವ ಬೆಂಗಳೂರಿನದೇ ಒಂದು ಸಾಕ್ಷಿ ಉಂಟು. ಹಳೆ ಮದರಾಸು ರಸ್ತೆಯಲ್ಲಿ ಕೃಷ್ಣರಾಜಪುರದ ಕಡೆ ಹೊರಟರೆ ಬೈಯಪ್ಪನಹಳ್ಳಿಯ ಬಳಿ ಎನ್.ಜಿ.ಇ.ಎಫ್. ಕಾರ್ಖಾನೆಯ ವಿಶಾಲವಾದ ಹಿತ್ತಲು. ೧೯೫೦ರ ದಶಕದಲ್ಲಿ ಮೈಸೂರು ಸರ್ಕಾರ ಜರ್ಮನಿಯ ಎ.ಇ.ಜಿ. ಕಂಪನಿಯ ಸಹಕಾರದಿಂದ ಕಟ್ಟಿದ ಕಾರ್ಖಾನೆ ಅದು. ೨೦೦೨ರ ಸುಮಾರಿಗೆ ಬಾಗಿಲು ಹಾಕಿತು. ಅಲ್ಲಿ ತಯಾರಾದ ಮೋಟಾರುಗಳು ನಾಡಿನ ತುಂಬ ನೀರೆತ್ತಿದುವು, ಹಿಟ್ಟು ಬೀಸಿದುವು. ಆ ಮೋಟಾರಿನ ಹೊಟ್ಟೆಯನ್ನು ತೆರೆದು ನೋಡಿ. ಹೊರಗೆ ಅಲ್ಲಾಡದ ಬಳೆ, ಅದರ ಗಾಡಿಗಳಲ್ಲಿ ತಾಮ್ರದ ತಂತಿಯ ಸುರುಳಿಗಳು. ಮೂರು ಎಳೆಯ ವಿದ್ಯುತ್ತು ಒಂದಾದ ಮೇಲೊಂದು ಅವುಗಳಲ್ಲಿ ಏರಿಳಿದಾಗ ಬಳೆ ನಿಂತಲ್ಲೇ ನಿಂತಿದ್ದರೂ ಅದರೊಳಗಿನ ಕಾಂತಬಲ ಗಿರಗಿರನೆ ತಿರುಗುತ್ತದೆ. ನಡುವೆ ಇಟ್ಟ ಲೋಹದ ಉರುಳೆ, ಯಾರೂ ಮುಟ್ಟದೆಯೇ, ಅದರ ಹಿಂದೆ ಓಡತೊಡಗುತ್ತದೆ. ೧೮೮೮ರಲ್ಲಿ ಇಟಲಿಯ ಫೆರಾರಿಸನೂ ಅಮೆರಿಕದಲ್ಲಿದ್ದ ಟೆಸ್ಲನೂ ಬೇರೆ ಬೇರೆಯಾಗಿ ಲೋಕಕ್ಕೆ ಸಾರಿದ ಸೋಜಿಗ ಇದು.

ಈಗ ನಡುವಿನ ಉರುಳೆಯನ್ನು ತೆಗೆದುಬಿಡಿ. ಅದರ ಜಾಗದಲ್ಲಿ ತಾಮ್ರದ ಅಚ್ಚನ್ನೂ ಅದರೊಳಗೆ ಕರಗಿದ ಉಕ್ಕನ್ನೂ ಇಡಿ. ಉಕ್ಕೇ ತಿರುಗತೊಡಗುತ್ತದೆ! ಉಕ್ಕಿನ ಕೈಯಾಡಿಸುವ ಯಂತ್ರವೆಂದರೆ ಬೆಂಕಿಯ ಉರುಳೆಯುಳ್ಳ ಮೋಟಾರು, ಅಷ್ಟೆ. ಒಂದು ವ್ಯತ್ಯಾಸವುಂಟು. ಮನೆಯ ವಿದ್ಯುತ್ತು ಸೆಕೆಂಡಿಗೆ ೫೦ ಸಲ ಹೊರಳುತ್ತದೆ. ಅಷ್ಟು ವೇಗವಾದರೆ ತಾಮ್ರದ ಗೋಡೆಯೇ ಕಾಂತಬಲವನ್ನು ನುಂಗಿಬಿಡುತ್ತದೆ. ಆದುದರಿಂದ ಸೆಕೆಂಡಿಗೆ ಕೆಲವೇ ಸಲ ಹೊರಳುವ ವಿದ್ಯುತ್ತನ್ನು ಹರಿಸುತ್ತಾರೆ. ಅವಸರವಿಲ್ಲದ ಕೈ.

ಕೈಯಾಡಿಸುವುದೇಕೆ? ಅಮ್ಮನ ಬಾಣಲೆಯ ಕಾರಣವೇ. ಸುಮ್ಮನೆ ಬಿಟ್ಟರೆ ಉಕ್ಕಿನ ಹರಳುಗಳು ತಣ್ಣನೆಯ ಗೋಡೆಯಿಂದ ಒಳಕ್ಕೆ ಕಲ್ಲುಸಕ್ಕರೆಯಂತೆ ಉದ್ದುದ್ದ ಬೆಳೆಯುತ್ತವೆ, ಕೊಂಬೆ ರೆಂಬೆ ಬಿಡುತ್ತವೆ. ಕೊನೆಯಲ್ಲಿ ನಡುವೆ ಉಳಿದ ಸ್ವಲ್ಪ ದ್ರವದಲ್ಲಿ ಕಶ್ಮಲವೆಲ್ಲ ಕೂಡಿಕೊಂಡು, ಬಿರುಕೋ ಪೊಳ್ಳೋ ಆಗಿ ನಿಲ್ಲುತ್ತದೆ. ತಿರುವಿದರೆ ಕೊಂಬೆಗಳ ತುದಿ ಕಳಚಿ ಒಳಗೆಲ್ಲ ಹರಡುತ್ತವೆ. ಪ್ರತಿಯೊಂದು ಚೂರೂ ಒಂದು ಸಣ್ಣ ಹರಳಿಗೆ ಬೀಜವಾಗುತ್ತದೆ. ಉಕ್ಕಿನ ನಡುವೂ ಅಂಚೂ ಹೆಚ್ಚುಕಡಮೆ ಒಂದೇ ಹದಕ್ಕೆ ಬರುತ್ತವೆ. ರೈಲುಕಂಬಿಗೆ, ಗಾಡಿಯ ಅಚ್ಚಿಗೆ ನಡುವೆ ಪೊಳ್ಳಿದ್ದರೆ ಏನಾದೀತು ಯೋಚಿಸಿ. ನಾವು ನೆಮ್ಮದಿಯಾಗಿ ನಿದ್ದೆಮಾಡುತ್ತ ರೈಲಿನಲ್ಲಿ ಹೋಗುತ್ತೇವಲ್ಲ, ಆ ನಿದ್ದೆಯಲ್ಲಿ ಕಾಣದ ಸೌಟಿನ ಪಾಲೂ ಇದೆ.

ಇದಕ್ಕೆ ಬೇಕಾದ ಗಣಿತ ಸುಲಭದ್ದಲ್ಲ. ಹರಿಯುವ ದ್ರವವೇ ಕಷ್ಟ; ಅದಕ್ಕೆ ಕಾಂತ ಸೇರಿದರೆ ಕೇಳಬೇಕೆ? ದ್ರವ ಕಾಂತಬಲವನ್ನು ಬದಲಿಸುತ್ತದೆ, ಕಾಂತಬಲ ದ್ರವವನ್ನು ಬದಲಿಸುತ್ತದೆ. ಅತ್ತೆ ಸೊಸೆಯರಂತೆ ಯಾರಿಂದ ಯಾರು ಎಂದು ಬಿಡಿಸಿ ಹೇಳುವಂತಿಲ್ಲ. ಸ್ವೀಡನ್ನಿನ ಆಲ್ಫ್‌ವೆನ್ ೧೯೪೨ರಲ್ಲಿ ಈ ಶಾಸ್ತ್ರಕ್ಕೆ ತಳಹದಿ ಹಾಕಿದ. ನಮ್ಮ ಚಂದ್ರಶೇಖರ್ ೧೯೬೧ರಲ್ಲಿ ಹೊರತಂದ ದೊಡ್ಡ ಗ್ರಂಥದಲ್ಲಿ ಕಾಂತಬಲ ದ್ರವದ ತಳಮಳವನ್ನು ಹೇಗೆ ಅಡಗಿಸುತ್ತದೆಂಬುದರ ಲೆಕ್ಕವಿದೆ. ಇದೇ ಊರಿನ ಸೆಂಟ್ರಲ್ ಕಾಲೇಜಿನಲ್ಲಿ ಎನ್. ರುದ್ರಯ್ಯನವರು ಕಾಂತಬಲದಲ್ಲಿ ಹರಿಯುವ ದ್ರವಗಳ ಗಣಿತವನ್ನು ಬೆಳೆಸಿ, ಅನೇಕ ಶಿಷ್ಯರನ್ನು ಈ ದಾರಿಗೆ ಹಚ್ಚಿದರು. ನಕ್ಷತ್ರಗಳ ಒಳಗಿನ ಬೆಂಕಿಗೆಂದು ಹುಟ್ಟಿದ ಸಮೀಕರಣ ರೈಲುಕಂಬಿಯ ಎರಕಕ್ಕೂ ಒದಗಿತು. ವಿದ್ಯೆ ಎಲ್ಲಿ ಹೊರಟು ಎಲ್ಲಿ ತಲುಪುತ್ತದೆಂದು ಹೇಳುವವರು ಯಾರು?

ನನಗೆ ಈ ಕಾಂತದ ಶೀಲವೇ ಬಹಳ ಮೆಚ್ಚಿಕೆಯಾಯಿತು. ನಿಂತ ಲೋಹದ ಮೇಲೆ ಈ ಬ್ರೇಕಿಗೆ ಯಾವ ಅಧಿಕಾರವೂ ಇಲ್ಲ. ಮಿತಿಮೀರಿದಷ್ಟಕ್ಕೆ ಮಾತ್ರ ಅದರ ಅಡ್ಡಿ. ನಾವು ಹಿರಿಯರೆನಿಸಿಕೊಂಡವರು ಮನೆಯಲ್ಲಿ ನಡೆಸುವ ಅಂಕೆ ಹೀಗಿದೆಯೆ? ಓಡುವವನನ್ನು ತಡೆಯುತ್ತೇವೆ, ಸರಿ, ನಡೆಯುವವನನ್ನೂ ತಡೆಯುತ್ತೇವೆ, ಸುಮ್ಮನೆ ಕುಳಿತವನನ್ನು, ಎಲ್ಲಿ ಎದ್ದುಬಿಡುತ್ತಾನೋ ಎಂದು, ಇನ್ನೂ ಬಲವಾಗಿ ತಡೆಯುತ್ತೇವೆ. ಕೈ ಹಾಕದೆ ತಿದ್ದುವ, ವೇಗವನ್ನು ನೋಡಿ ಹಿಡಿತವನ್ನು ಅಳೆಯುವ ವಿದ್ಯೆ ನಮಗಿಂತ ಈ ಜಡವಸ್ತುವಿಗೆ ಚೆನ್ನಾಗಿ ಬರುತ್ತದೆ.

ಮೆಚ್ಚಿಕೆಯ ನಡುವೆ ಮೇಸ್ತ್ರಿಗಳ ಕಾಲು ಕಣ್ಣಿಗೆ ಬರುತ್ತದೆ. ಅವರು ತೀರಿಹೋಗಿ ಬಹಳ ವರ್ಷಗಳಾದುವು. ಅವರು ದುಡಿದ ಎರಕದ ಮನೆಯ ಜಾಗದಲ್ಲಿ ಈಗ ಬಹುಮಹಡಿಯ ವಸತಿ. ಆ ಕಡೆ ೨೦೧೧ರಿಂದ ಮೆಟ್ರೊ ರೈಲು ಓಡುತ್ತಿದೆ. ದೊಡ್ಡ ಕಾರ್ಖಾನೆಯ ಹುಡುಗ ಕರಗಿದ ಉಕ್ಕಿನಿಂದ ಹತ್ತಾರು ಗಜ ದೂರ, ಗಾಜಿನ ಕೋಣೆಯಲ್ಲಿ ಕುಳಿತು ಧಾರೆಯನ್ನು ಆಳುತ್ತಾನೆ. ಅಪಾಯ ಪೂರ್ತಿ ಹೋಗಿಲ್ಲ. ಆದರೂ ಅವನಿಗೂ ಬೆಂಕಿಗೂ ನಡುವೆ ದೂರ ಇದೆ. ಮಣಿಕಟ್ಟಿನ ವಿದ್ಯೆ ಗಣಕಕ್ಕೆ ಹೋಯಿತೆಂದು ಒಂದಿಷ್ಟು ವಿಷಾದಪಡಬಹುದು. ಸುಟ್ಟ ಕಾಲನ್ನು ಕಂಡವನಿಗೆ ಆ ವಿಷಾದ ಬಹಳ ಹೊತ್ತು ನಿಲ್ಲುವುದಿಲ್ಲ.

ನನ್ನ ಅಕ್ಕನ ಮಗನನ್ನು ಕೇಳಿದೆ: “ಸಣ್ಣ ಎರಕದ ಮನೆಗೂ ನಿನ್ನ ಕಾಂತ ಬರತ್ತೇನಪ್ಪ?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಎಲ್ಲಿ ಬಂತು ಮಾವ. ದಿನಕ್ಕೆ ಸಾವಿರಾರು ಟನ್ ಎರೆಯೋ ಕಡೆಗೆ ಅದು. ಮೋರಿ ಮುಚ್ಚಳಕ್ಕೆ ಯಾರು ಹಾಕ್ತಾರೆ?”

ಅದೇ ಸರಿಯಾದ ಉತ್ತರ, ಅದೇ ದುಃಖದ ಉತ್ತರ. ನಾಡಿನಲ್ಲಿ ಇನ್ನೂ ಎಷ್ಟೋ ಸಣ್ಣ ಎರಕದ ಮನೆಗಳಿವೆ. ಅಲ್ಲಿ ಇಬ್ಬರು ಉದ್ದ ಹಿಡಿಯ ಸೌಟನ್ನು ಹಿಡಿದು ಮರಳಿನ ಅಚ್ಚಿನ ಕಡೆ ಹೆಜ್ಜೆ ಕೂಡಿಸಿ ನಡೆಯುತ್ತಾರೆ. ಆ ಸೌಟು ಕಣ್ಣಿಗೆ ಕಾಣುವಂಥದು. ಅವರ ಪಾಲಿಗೆ ಕಾಂತಬಲದ ವಿದ್ಯೆ ಥೇಮ್ಸ್ ನದಿಯಷ್ಟೇ ದೂರ. ಆದರೆ ಅವರಿಗೆ ಬೇಕಾದುದು ಅಷ್ಟು ದೊಡ್ಡದೂ ಅಲ್ಲ. ಒಣಗಿದ ಮರಳು, ಕಾಲಿಗೆ ಗಟ್ಟಿಯಾದ ಒಂದು ಜೊತೆ ಬೂಟು, ‘ಈ ಹೊತ್ತೇ ಆಗಬೇಕು’ ಎಂದು ಬೆನ್ನ ಹಿಂದೆ ನಿಂತು ಕೂಗದ ಯಜಮಾನ. ಇದಕ್ಕೆ ಫ್ಯಾರಡೆ ಬೇಡ, ಗಣಕ ಬೇಡ, ಕೋಟಿ ರೂಪಾಯಿಯೂ ಬೇಡ. ಬೆಂಕಿಯ ಧಾರೆಯನ್ನು ಮುಟ್ಟದೆ ತಡೆಯುವುದನ್ನು ಕಲಿತಿದ್ದೇವೆ. ನಮ್ಮ ಅವಸರವನ್ನು ತಡೆಯುವುದು ಇನ್ನೂ ಕಲಿಯಬೇಕಾಗಿದೆ.